ಮಾಡು ಇಳಿಸಬೇಡಿ, ಅಪ್ಪಯ್ಯ

ದುಬೈ
ಮಾರ್ಚ್ 6, ಶುಕ್ರವಾರ

ತೀರ್ಥರೂಪ ಅಪ್ಪಯ್ಯನವರಿಗೆ ಬೇಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುವುದು.

ಪುಟ್ಟನ ಕಾಗದ, ಫೋಟೋ ಎರಡೂ ತಲುಪಿದವು. ಅಮ್ಮನ ದಮ್ಮು ಜಾಸ್ತಿಯಾಗಿದೆ, ಒಳಕೋಣೆಯ ಗೋಡೆ ಕಪ್ಪಾಗಿದೆ, ಮನೆ ಮೇಲಿನ ಹಳೇ ಹೆಂಚಿನ ಮಾಡೇ ಇದಕ್ಕೆಲ್ಲ ಕಾರಣ ಅಂತ ಕಂಟ್ರಾಕ್ಟರು ಹೇಳಿದ್ದಾರೆ, ಮಳೆಗೆ ಮುಂಚೆ ಮಾಡು ಇಳಿಸಿ ಕಾಂಕ್ರೀಟ್ ಸ್ಲ್ಯಾಬ್ ಹಾಕಲು ನೀವು ಹೂಂ ಅಂದಿದ್ದೀರಿ. ಅಡ್ವಾನ್ಸ್ ಕೊಟ್ಟಾಯಿತೋ ಇಲ್ಲವೋ ಅನ್ನುವುದನ್ನು ಮಾತ್ರ ಅವನು ಬರೆದಿಲ್ಲ. ಕೊಟ್ಟಿಲ್ಲದಿದ್ದರೆ ಕೊಡಬೇಡಿ. ಕೊಟ್ಟಿದ್ದರೆ ಹೋಗಲಿ, ಅದರ ಯೋಚನೆ ನಿಮಗೆ ಬೇಡ.

ಫೋಟೋ ಸರಿಯಾಗಿ ನೋಡಿ. ಕಪ್ಪು ಬಂದಿರುವುದು ನೆಲದಿಂದ 3 ಅಡಿಯವರೆಗೆ. ಅದರ ಮೇಲೆ ಗೋಡೆ ಬೆಳ್ಳಗೇ ಇದೆ. ಮಾಡು ಸೋರಿದರೆ ಕಲೆ ಮೇಲಿಂದ ಇಳಿಯುತ್ತದೆ, ಗೆರೆ ಗೆರೆಯಾಗಿ. ಇದು ಕೆಳಗಿಂದ ಏರಿದ್ದು. ನಮ್ಮ ಗೋಡೆಯ ಮುರಕಲ್ಲು, ಈ ಕೆಂಪು ಕಲ್ಲು, ಸ್ಪಂಜಿನ ಹಾಗೆ, ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಹಳಬರು ಅದನ್ನು ಮಣ್ಣಿನಲ್ಲಿ ಕಟ್ಟಿ ಸುಣ್ಣ ಬಳಿದದ್ದು ಬಡತನಕ್ಕಲ್ಲ, ಹೀಗೆ ಕುಡಿದು ಬಿಡಲಿ ಅಂತಲೇ. ನಾವು ಹೊರಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದೆವು, ಒಳಗೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆವು. ಅದು ಸಾಲದೆ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿ ನೆಲವನ್ನು ಮನೆಯ ಅಡಿಪಾಯದ ಕಟ್ಟೆಯ ಅರ್ಧಕ್ಕೇ ಎತ್ತಿದೆವು. ಹಿಂದೆ ಜಗಲಿಗೆ ಮೂರು ಮೆಟ್ಟಿಲಿತ್ತು, ಈಗ ಒಂದೂವರೆ ಉಳಿದಿದೆ, ಎಣಿಸಿ ನೋಡಿ. ಈಗ ಮಳೆ ನೀರು ಕಲ್ಲಿನ ಬುಡಕ್ಕೇ ಹೋಗುತ್ತದೆ, ಹೊರಬರಲು ದಾರಿಯಿಲ್ಲದೆ ಮೇಲೇರುತ್ತದೆ. ಈ ಗೋಡೆಯ ಮೇಲೆ ಸ್ಲ್ಯಾಬ್ ಹಾಕಿದರೆ ಅಮ್ಮನ ಕೋಣೆ ಒಣಗುವುದಿಲ್ಲ, ಹೆಂಚಿನ ಸಂದಿನಲ್ಲಿ ಹೊರಗೆ ಹೋಗುತ್ತಿದ್ದ ಆವಿಯೂ ಒಳಗೇ ಕೂರುತ್ತದೆ.

ಭಾರದ ಲೆಕ್ಕ ಹೇಳುತ್ತೇನೆ, ಕಂಟ್ರಾಕ್ಟರಿಗೂ ತೋರಿಸಿ. ಸೂರು ಸೇರಿಸಿ ನಮ್ಮ ಮನೆ ಸುಮಾರು 150 ಚದರ ಮೀಟರ್. 5 ಇಂಚಿನ ಸ್ಲ್ಯಾಬ್ ಅಂದರೆ ಚದರ ಮೀಟರಿಗೆ 310 ಕಿಲೋ, ಒಟ್ಟು 47 ಟನ್. ಮೇಲಿನ ಗಾರೆ, ಪ್ಯಾರಾಪೆಟ್ ಬೇರೆ. ಈಗಿರುವ ಮಾಡು ಹೆಂಚು, ಅದನ್ನು ಹೊರುವ ಮರದ ರೀಪು, ಪಕಾಸು ಎಲ್ಲ ಸೇರಿ, ಮಳೆಯಲ್ಲಿ ನೆನೆದಾಗಲೂ 12 ಟನ್ ಆಸುಪಾಸು. ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ನಾಲ್ಕು ಪಟ್ಟು ಭಾರ ಹೊರಿಸುವ ಮೊದಲು ಗೋಡೆಯ ತಲೆಗೆ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಬೇಕು. ಅದು ಅವರ ಎಸ್ಟಿಮೇಟಿನಲ್ಲೇ ಇಲ್ಲ.

ಸೂರಿನದು ಇನ್ನೊಂದು ಕಥೆ. ಈಗ ಸೂರು ಗೋಡೆಯಿಂದ 3 ಅಡಿಗೂ ಹೆಚ್ಚು ಮುಂದಕ್ಕೆ ಚಾಚಿದೆ. ಸ್ಲ್ಯಾಬಿಗೆ ಬಿಡುವುದು ಒಂದೂವರೆ ಅಡಿ. ಆಷಾಢದ ಗಾಳಿಯಲ್ಲಿ ಪಡುವಣದ ಮಳೆ ಓರೆಯಾಗಿಯೇ ಹೊಡೆಯುವುದು, ಅದಕ್ಕೆ ತಾನೇ ಅಜ್ಜಯ್ಯ ಪ್ರತಿ ವರ್ಷ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದದ್ದು. ಪಡುಮನೆಯವರನ್ನೇ ನೋಡಿ. ಸ್ಲ್ಯಾಬ್ ಹಾಕಿದರು, ಎರಡನೇ ಮಳೆಗಾಲಕ್ಕೆ ಸೋರಿತು, ಈಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸಿದ್ದಾರೆ. ಕೊನೆಗೂ ಇಳಿಜಾರು ಮಾಡೇ ಬಂತಲ್ಲ! ಹಣ ಮಾತ್ರ ಎರಡು ಸಲ ಹೋಯಿತು.

ಇಲ್ಲಿಯವರ ಸುದ್ದಿ ಕೇಳಿದರೆ ನಿಮಗೆ ನಗು ಬಂದೀತು. ಊರೊಳಗೆ ನುಗ್ಗಿದ ಸಮುದ್ರದ ಖಾರಿಯ ಪಕ್ಕ ಅಲ್ ಫಹೀದಿ ಅಂತ ಹಳೇ ಕೇರಿ ಇದೆ. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿದ ಮನೆಗಳು. ಗೋಡೆ ಸಮುದ್ರದ ಹವಳದ ಕಲ್ಲು, ಗಾರೆ ಜಿಪ್ಸಮ್ಮಿನದು. ಚಾವಣಿಗೆ ಪೂರ್ವ ಆಫ್ರಿಕದಿಂದ ಹಾಯಿದೋಣಿಯಲ್ಲಿ ತಂದ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಮರದ ಕೋಲು. ಆ ಕೋಲು 3 ಮೀಟರಿನ ಆಚೀಚೆ ಉದ್ದ ಬರುವುದರಿಂದ ಕೋಣೆಗಳ ಅಗಲವೂ ಅಷ್ಟೇ, ಯಜಮಾನ ಎಷ್ಟೇ ದೊಡ್ಡವನಾಗಿರಲಿ. ಬಾಗಿಲಿನ ತೇಗ ನಮ್ಮ ಇಂಡಿಯಾದ್ದು, ಅದನ್ನು ಇಲ್ಲಿಯವರಿಗೆ ನಾನು ನೆನಪಿಸುತ್ತಲೇ ಇರುತ್ತೇನೆ. ಮಾಡಿನ ಮೇಲೆ ಚೌಕದ ಗಾಳಿಗೋಪುರ. ನಾಲ್ಕೂ ಬದಿ ತೆರೆದಿರುತ್ತದೆ, ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಗೋಡೆ. ಯಾವ ಕಡೆಯಿಂದ ಗಾಳಿ ಬೀಸಿದರೂ ಒಂದು ಗೂಡಿನಲ್ಲಿ ಕೆಳಗಿನ ಕೋಣೆಗೆ ಇಳಿಯುತ್ತದೆ, ಕೋಣೆಯ ಬಿಸಿಗಾಳಿ ಎದುರಿನ ಗೂಡಿನಲ್ಲಿ ಏರಿ ಹೋಗುತ್ತದೆ. ಗಾಳಿ ತಂಪಾಗುವುದೇನಿಲ್ಲ, ಆದರೆ ಮೈಮೇಲೆ ಹರಿದರೆ ಬೆವರು ಆರುತ್ತದೆ. ಕರಾವಳಿಯ ಸೆಕೆಗೆ ಬೇಕಾದದ್ದು ಅಷ್ಟೇ. ನಮ್ಮ ಹೆಂಚಿನ ಸಂದು ಮಾಡುವ ಕೆಲಸವೂ ಇದೇ.

ಆ ಕೇರಿಯ ಎಷ್ಟೋ ಮನೆ ಕೆಡವಿಯಾದ ಮೇಲೆ ಬುದ್ಧಿ ಬಂದು, ಉಳಿದದ್ದನ್ನು ಈಗ ಮುತ್ತಿನ ಹಾಗೆ ಕಾಪಾಡುತ್ತಾರೆ. ಖರ್ಜೂರದ ಗರಿ ಹೊದೆಸಿದ ಗುಡಿಸಲಲ್ಲಿ ಕೂರಿಸಿ ಒಂದು ಲೋಟ ಚಹಾಕ್ಕೆ ನಮ್ಮ 500 ರೂಪಾಯಿ ಕೀಳುತ್ತಾರೆ. ನಮ್ಮ ಸೋಗೆಯ ಕೊಟ್ಟಿಗೆಯಲ್ಲಿ ಪುಕ್ಕಟೆ ಕೂರಬಹುದಿತ್ತು. ಹೊಸ ಹೋಟೆಲುಗಳಿಗೂ ಗಾಳಿಗೋಪುರ ಇದೆ, ಆದರೆ ಬಾಯಿ ಮುಚ್ಚಿದ್ದು, ಒಳಗೆ ಎ.ಸಿ.! ಇವರಿಗೆ ಮಳೆಯೆಂದರೆ ವರ್ಷಕ್ಕೆ ಸುಮಾರು 100 ಮಿ.ಮೀ. 2024ರ ಏಪ್ರಿಲ್ 16ರಂದು ಅಲ್ ಐನ್ ಬಳಿ ಒಂದೇ ದಿನ 254 ಮಿ.ಮೀ. ಸುರಿದದ್ದಕ್ಕೆ ದೇಶವೇ ನಿಂತಿತು. ನಮ್ಮ ಕಡೆ ಅಷ್ಟಕ್ಕೆ ಶಾಲೆಗೆ ಒಂದು ರಜೆ. ಆದರೂ ಇವರಿಂದ ಕಲಿಯುವ ಒಂದು ವಿಷಯ ಇದೆ: 1970ರ ದಶಕದ ಗಡಿಬಿಡಿಯಲ್ಲಿ ಉಪ್ಪು ಮರಳಿನಲ್ಲಿ ಎರಕ ಹೊಯ್ದ ಕಾಂಕ್ರೀಟು ಗಲ್ಫಿನ ಉದ್ದಕ್ಕೂ ಕೆಲವೇ ವರ್ಷದಲ್ಲಿ ಚಕ್ಕೆಯೆದ್ದಿತು, ಕಂಬಿ ತುಕ್ಕಿನಿಂದ ಉಬ್ಬಿ. ನಿಮ್ಮ ಕಂಟ್ರಾಕ್ಟರು ಮರಳು ತರಿಸುವುದು ಹೊಳೆ ಸಮುದ್ರ ಸೇರುವ ಅಳಿವೆಯ ಕಡೆಯಿಂದ ಅಂತ ಪುಟ್ಟ ಬರೆದಿದ್ದಾನೆ. ನಾಲಿಗೆಗೆ ಹಾಕಿ ನೋಡಲು ಹೇಳಿ.

ಈಗ ಮಾಡಬೇಕಾದ ಕೆಲಸ. ಮೊದಲು ಅಂಗಳ. ಗೋಡೆಯ ಸುತ್ತ 2 ಅಡಿ ಅಗಲಕ್ಕೆ ಇಂಟರ್‌ಲಾಕ್ ಕೀಳಿಸಿ, ಒಳನೆಲಕ್ಕಿಂತ ಕನಿಷ್ಠ 1 ಅಡಿ ಕೆಳಗೆ ಮಣ್ಣು ಇಳಿಸಿ, ತೋಟದ ಕಡೆಗೆ 4 ಅಡಿಗೆ 1 ಇಂಚು ಇಳಿಜಾರು ಕೊಡಿ. ಸೂರಿನ ನೀರು ಬೀಳುವ ಗೆರೆಗೆ ಕಲ್ಲಿನ ಚರಂಡಿ. ಆಮೇಲೆ 4 ಅಡಿ ಎತ್ತರದವರೆಗೆ ಹೊರಗೆ ಸಿಮೆಂಟ್ ಗಿಲಾವು ಉದುರಿಸಿ, ಒಳಗೆ ಪೇಂಟ್ ಕೆರೆಸಿ, ಗೋಡೆಯನ್ನು ಹಾಗೇ ಬಿಡಿ. ಒಂದು ಇಂಚು ಒಣಗಲು ಒಂದು ತಿಂಗಳು ಅಂತ ಹಳೇ ಲೆಕ್ಕ. ಹಾಗಾಗಿ ಈ ಮಳೆಗಾಲದಲ್ಲಿ ವಾಸನೆ ಪೂರ್ತಿ ಹೋಗದು, ಅದಕ್ಕೆ ಬೇಸರ ಬೇಡ. ಬರುವ ವರ್ಷ ಚಿಪ್ಪಿನ ಸುಣ್ಣ ಎರಡು ವಾರ ನೆನೆಹಾಕಿ, ಸುಣ್ಣ 1, ಉಪ್ಪಿಲ್ಲದ ಮರಳು 3 ಪಾಲಿನಲ್ಲಿ ಗಿಲಾವು ಮಾಡಿಸಿ, ಅರ್ಧ ಇಂಚಿಗಿಂತ ದಪ್ಪ ಬೇಡ. ಮೇಲೆ ಸುಣ್ಣವನ್ನೇ ಬಳಿಯಿರಿ, ಪೇಂಟ್ ಮುಟ್ಟಿಸಬೇಡಿ.

ಮಾಡು ಇಳಿಜಾರು ಅಡಿಗೆ 7 ಇಂಚಿದೆ, ಸಾಕು. ಇಳಿಜಾರಿನ ಲೆಕ್ಕದಲ್ಲಿ ಸುಮಾರು 175 ಚದರ ಮೀಟರ್ ಮಾಡಿಗೆ, ಚದರ ಮೀಟರಿಗೆ 15ರಂತೆ, 2,600 ಚಿಲ್ಲರೆ ಹೆಂಚು. ಹೆಂಚನ್ನು ಉಜ್ಜಿ ಮತ್ತೆ ಹೊದೆಸಲು ಒಂದೊಂದು ಬದಿ ಮಾತ್ರ ಇಳಿಸಿ, ನಿಲ್ಲಿಸಿ ಜೋಡಿಸಿಡಿ. ಪಾಚಿಯನ್ನು ತೆಂಗಿನ ನಾರಿನಲ್ಲಿ ಉಜ್ಜಿದರೆ ಸಾಕು, ಪ್ರೆಶರ್ ಪಂಪ್ ಹೊಡೆದರೆ ಮೇಲ್ಮೈ ಕಿತ್ತು ಹೆಂಚು ಇನ್ನಷ್ಟು ನೀರು ಕುಡಿಯುತ್ತದೆ. ಬೆರಳಲ್ಲಿ ತಟ್ಟಿದಾಗ ಗಂಟೆಯ ಹಾಗೆ ಕೇಳಿದ್ದು ಒಳ್ಳೆಯದು, ಮಂಕಾಗಿ ಕೇಳಿದ್ದು ಸೀಳಿದ್ದು. ಹೊಸ ಹೆಂಚನ್ನು ಹಳತರ ನಡುವೆ ತುರುಕಬೇಡಿ. ಅಚ್ಚು ಬೇರೆಯಾದರೆ ಕಚ್ಚು ಕೂರುವುದಿಲ್ಲ, ಅಲ್ಲೇ ಸೋರುವುದು. ಒಳ್ಳೆಯ ಹಳೇ ಹೆಂಚನ್ನೆಲ್ಲ ಪಡುವಣ ಬದಿಗೆ ಸೇರಿಸಿ, ಹೊಸದನ್ನು ಮೂಡು ಬದಿಗೆ ಹಾಕಿ. ರೀಪಿನ ಅಂತರ ಹನ್ನೆರಡೂವರೆ ಇಂಚು ಅಂತ ಆಚಾರಿಗಳು ಬಾಯಿಪಾಠ ಹೇಳುತ್ತಾರೆ. ಅದನ್ನು ನಂಬದೆ ತಂದ ಹೆಂಚನ್ನೇ ಹತ್ತು ಸಾಲು ನೆಲದಲ್ಲಿ ಜೋಡಿಸಿ ಅಳೆದು ಹೊಡೆಯಲಿ. ಸೂರಿನ ಕೊನೇ ಸಾಲನ್ನು ತಾಮ್ರದ ತಂತಿಯಲ್ಲಿ ಕಟ್ಟಿಸಿ, ಕಬ್ಬಿಣದ್ದು ನಮ್ಮ ಉಪ್ಪುಗಾಳಿಗೆ ಬಾಳದು. ನೆತ್ತಿಯ ಹೆಂಚಿಗೆ ಬರೀ ಸಿಮೆಂಟ್ ಬೇಡ, ಬಿರಿಯುತ್ತದೆ. ಸಿಮೆಂಟ್ 1, ಸುಣ್ಣ 1, ಮರಳು 6 ಪಾಲಿನ ಗಾರೆ ಹಾಕಿಸಿ.

ಮಂಗಗಳು ಹೆಂಚು ಒಡೆಯುವ ವಿಷಯಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಟ್ಟದಲ್ಲಿ 50 ಹೆಂಚು ಹೆಚ್ಚಿಗೆ ಇಡಿ. ಬಚ್ಚಲಿಗೆ ಬೇಕಾದರೆ ಸ್ಲ್ಯಾಬ್ ಹಾಕಿಸಿ, ನಾನೇನು ಸ್ಲ್ಯಾಬಿನ ವೈರಿಯಲ್ಲ.

ಅಮ್ಮ ಇವತ್ತಿನಿಂದಲೇ ಚಾವಡಿಯ ಪಕ್ಕದ ಕೋಣೆಯಲ್ಲಿ ಮಲಗಲಿ, ಡಾಕ್ಟರು ಕೊಟ್ಟ ದಮ್ಮಿನ ಪಂಪ್ ತಪ್ಪಿಸಬಾರದು. ಗಾಬರಿಯಾಗುವಂಥದ್ದು ಏನೂ ಇಲ್ಲ, ನಿಜವಾಗಿಯೂ ಇಲ್ಲ, ಮನೆ ಗಟ್ಟಿಯಾಗಿದೆ, ನಾನೂ ಚೆನ್ನಾಗಿದ್ದೇನೆ, ಊಟ ಸರಿಯಾಗಿ ಆಗುತ್ತಿದೆ, ಹಣಕ್ಕೂ ತೊಂದರೆ ಇಲ್ಲ. ನೀವು ಮಾತ್ರ ಏಣಿ ಹತ್ತಬೇಡಿ.

ಬೈಂದೂರಿನವರು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾರೆ, ಇದನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಸೋಮವಾರ ಪುಟ್ಟನ ಖಾತೆಗೆ ಹಣ ಹಾಕುತ್ತೇನೆ, ಹೆಂಚಿನದಕ್ಕೆ ಮಾತ್ರ. ರೋಹಿಣಿ ಮಳೆಗೆ ಮುಂಚೆ ಪಡುವಣ ಬದಿ ಮುಗಿಯಬೇಕು. ಅಮ್ಮನಿಗೆ ನಮಸ್ಕಾರ.

ನಿಮ್ಮ
ದೊಡ್ಡ ಮಗ