ಸೈಬರ್ ರಾಜತಾಂತ್ರಿಕತೆಗೂ ಕಾಯ್ದೆಯ ಬಲ ಬೇಕು

ಮಾನ್ಯ ಸಂಪಾದಕರೇ,

ಆನ್‌ಲೈನ್ ವಂಚನೆಯ ಸುದ್ದಿ ಜಿಲ್ಲಾ ಪುಟದಲ್ಲಿ ಬಾರದ ವಾರವಿಲ್ಲ. ‘ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ’ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಎಷ್ಟೋ ಸಲ ಪ್ರಕರಣವೂ ಅಲ್ಲಿಂದ ಮುಂದೆ ಸಾಗುವುದಿಲ್ಲ. ಇದಕ್ಕೆ ಠಾಣೆಯವರನ್ನು ದೂರುವುದಕ್ಕಿಂತ, ವಿದೇಶದಲ್ಲಿ ಕುಳಿತ ವಂಚಕರನ್ನು ಹಿಡಿಯಲು ಬೇರೆ ದೇಶಗಳ ಸಹಕಾರ ಪಡೆಯಬೇಕಾದ (ಸೈಬರ್ ರಾಜತಾಂತ್ರಿಕತೆ ಎಂದರೆ ಇದೇ) ದೆಹಲಿಯನ್ನು ಪ್ರಶ್ನಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಶಿಡ್ಲಘಟ್ಟದ ನನ್ನ ಪರಿಚಯದ ರೇಷ್ಮೆ ನೂಲು ಬಿಚ್ಚಣಿಕೆದಾರ (ರೀಲರ್) ಒಬ್ಬರು ಷೇರು ಹೂಡಿಕೆಯ ಆ್ಯಪ್ ಒಂದನ್ನು ನಂಬಿ, ಗೂಡು ಖರೀದಿಗೆಂದು ಇಟ್ಟುಕೊಂಡಿದ್ದ ಹಣವನ್ನೆಲ್ಲ ಕಳೆದುಕೊಂಡರು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರಿಂದ ಅಲ್ಪ ಮೊತ್ತವನ್ನು ತಡೆಹಿಡಿಯಲು ಸಾಧ್ಯವಾಯಿತು. ಉಳಿದದ್ದು ಕಮಿಷನ್ ಆಸೆಗೆ ಬಾಡಿಗೆಗೆ ಕೊಟ್ಟ ಯಾರ‍್ಯಾರದೋ ಖಾತೆಗಳನ್ನು ದಾಟಿ, ಕ್ರಿಪ್ಟೊ ರೂಪದಲ್ಲಿ ಹೊರದೇಶ ಸೇರಿತ್ತು. ಅವರ ಮೊಬೈಲಿನಲ್ಲಿದ್ದ ‘ಹೂಡಿಕೆ ಸಲಹೆಗಾರ’ನ ವಾಟ್ಸ್‌ಆ್ಯಪ್ ಸಂಖ್ಯೆ +855 ಎಂದು ಶುರುವಾಗುತ್ತಿತ್ತು. ಅದು ಕಾಂಬೋಡಿಯಾದ ಕೋಡ್. ದೂರನ್ನು ಸಹನೆಯಿಂದ ಬರೆದುಕೊಂಡ ಅಧಿಕಾರಿಯೂ ಆ ಮೂರು ಅಂಕಿಗಳನ್ನು ಕಂಡು ಕೈಚೆಲ್ಲಿದರು.

ಕಾನೂನೇ ಇಲ್ಲವೆಂದಲ್ಲ. ಭಾರತದಲ್ಲಿರುವ ಕಂಪ್ಯೂಟರ್ ಅಥವಾ ಜಾಲವನ್ನು ಬಳಸಿಕೊಂಡು ವಿದೇಶದಿಂದ ಎಸಗುವ ಅಪರಾಧಕ್ಕೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅನ್ವಯಿಸುತ್ತದೆ ಎಂದು ಅದರ 75ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಸಾಕ್ಷ್ಯ ತರಿಸಿಕೊಳ್ಳಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಸೆಕ್ಷನ್ ಪ್ರಕಾರ ನ್ಯಾಯಾಲಯದಿಂದ ಕೋರಿಕೆ ಪತ್ರ ಪಡೆದು, ಅದು ಗೃಹ ಸಚಿವಾಲಯದ ಮೂಲಕ ಆ ದೇಶವನ್ನು ತಲುಪಿ, ಅಲ್ಲಿನವರು ಮನಸ್ಸು ಮಾಡಿ ಉತ್ತರಿಸುವವರೆಗೂ ಕಾಯಬೇಕು. ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಸರ್ವರ್‌ನಲ್ಲಿದ್ದ ದಾಖಲೆ ಅಳಿಸಿಹೋಗಿರುತ್ತದೆ.

ಈ ವಿಳಂಬ ತಗ್ಗಿಸಲೆಂದೇ 2001ರಲ್ಲಿ ಸೈಬರ್ ಅಪರಾಧಗಳ ತನಿಖೆಯಲ್ಲಿ ದೇಶಗಳು ಪರಸ್ಪರ ನೆರವಾಗುವ ಬುಡಾಪೆಸ್ಟ್ ಒಪ್ಪಂದ ರೂಪುಗೊಂಡಿತು. ಕರಡು ರಚನೆಯಲ್ಲಿ ತನ್ನನ್ನು ಒಳಗೊಳ್ಳಲಿಲ್ಲವೆಂದು ಭಾರತ ಅದಕ್ಕೆ ಸೇರಲಿಲ್ಲ. ಒಂದು ದೇಶದಲ್ಲಿರುವ ದತ್ತಾಂಶವನ್ನು ಅಲ್ಲಿನ ಸರ್ಕಾರದ ಅನುಮತಿ ಇಲ್ಲದೆ ಪಡೆಯಲು ಕೆಲವು ಸಂದರ್ಭಗಳಲ್ಲಿ ಅವಕಾಶ ನೀಡುವ ಅದರ 32ನೇ ವಿಧಿಯೂ ಸಾರ್ವಭೌಮತ್ವದ ಪ್ರಶ್ನೆ ಎತ್ತಿತ್ತು. ಈ ಆಕ್ಷೇಪಗಳಲ್ಲಿ ಹುರುಳಿತ್ತು. ಆದರೆ ಅದಾಗಿ ಎರಡು ದಶಕ ಕಳೆದರೂ ಅಷ್ಟೇ ವೇಗದ ಪರ್ಯಾಯವೊಂದನ್ನು ನಾವು ಕಟ್ಟಿಕೊಳ್ಳಲಿಲ್ಲವಲ್ಲ!

ಈಗ ವಿಶ್ವಸಂಸ್ಥೆಯ ಸೈಬರ್ ಅಪರಾಧ ತಡೆ ಒಪ್ಪಂದ ಎದುರಿಗಿದೆ. 2024ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಅಂಗೀಕರಿಸಿದ ಈ ಒಪ್ಪಂದ 2025ರ ಅಕ್ಟೋಬರ್‌ನಲ್ಲಿ ಹನೋಯ್‌ನಲ್ಲಿ ಸಹಿಗೆ ತೆರೆದುಕೊಂಡಿತು. 40 ದೇಶಗಳು ಸ್ಥಿರೀಕರಿಸಿದ (ಅಂತಿಮವಾಗಿ ಒಪ್ಪಿಕೊಂಡ) ಬಳಿಕ ಜಾರಿಗೆ ಬರುತ್ತದೆ. ಪ್ರತಿ ದೇಶವೂ ಹಗಲಿರುಳು ಲಭ್ಯವಿರುವ ಸಂಪರ್ಕ ಕೇಂದ್ರವೊಂದನ್ನು ಹೊಂದಿರಬೇಕೆಂಬ ಅಂಶ ಅದರಲ್ಲಿದೆ. ನಮಗೆ ಬೇಕಿರುವುದು ಅದೇ. ಆದರೆ ಇದೇ ಒಪ್ಪಂದ ಸರ್ಕಾರಗಳ ಕಣ್ಗಾವಲಿಗೆ ದಾರಿ ಮಾಡಿಕೊಟ್ಟೀತು ಎಂಬ ಮಾನವ ಹಕ್ಕು ಸಂಘಟನೆಗಳ ಆತಂಕವನ್ನೂ ತಳ್ಳಿಹಾಕಲಾಗದು. ಇಂಥ ಒಪ್ಪಂದಕ್ಕೆ ಸೇರುವುದೋ ಬಿಡುವುದೋ ಎಂಬುದು ಸಂಸತ್ತಿನಲ್ಲಿ ಚರ್ಚೆಯಾಗಬೇಕಲ್ಲವೇ? ನಮ್ಮಲ್ಲಿ ಒಪ್ಪಂದಕ್ಕೆ ಸಹಿ ಹಾಕುವುದೂ ಅದನ್ನು ಸ್ಥಿರೀಕರಿಸುವುದೂ ಕಾರ್ಯಾಂಗದ ಕೆಲಸ. ಅದರ ಜಾರಿಗೆ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆಯಾದರೂ ಮುಂಚಿತವಾಗಿ ಅದರ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮವಿಲ್ಲ.

ಅಮೆರಿಕದ ವಿದೇಶಾಂಗ ಇಲಾಖೆ 2022ರ ಏಪ್ರಿಲ್‌ನಲ್ಲಿ ಸೈಬರ್ ಮತ್ತು ಡಿಜಿಟಲ್ ನೀತಿಗೆಂದೇ ಒಂದು ವಿಭಾಗ ತೆರೆಯಿತು. ಅದೇ ವರ್ಷಾಂತ್ಯಕ್ಕೆ ಅಲ್ಲಿನ ಕಾಂಗ್ರೆಸ್ ಅದಕ್ಕೆ ಕಾಯ್ದೆಯ ಆಧಾರ ಒದಗಿಸಿತು. ಅದರ ಮುಖ್ಯಸ್ಥರ ನೇಮಕಕ್ಕೆ ಸೆನೆಟ್ ಒಪ್ಪಬೇಕು. (ಸರ್ಕಾರ ಬದಲಾದ ಮೇಲೆ ಅಲ್ಲಿಯೂ ಇಲಾಖೆಯ ರಚನೆ ಬದಲಾಗಿದೆ, ಕಾಯ್ದೆಯೊಂದೇ ಸರ್ವರೋಗ ನಿವಾರಕ ಎಂದು ನಾನೂ ಹೇಳುವುದಿಲ್ಲ.) ನಮ್ಮ ವಿದೇಶಾಂಗ ಸಚಿವಾಲಯದಲ್ಲೂ ಸೈಬರ್ ರಾಜತಾಂತ್ರಿಕ ವಿಭಾಗವಿದೆ. ಅದರ ಹೊಣೆಯನ್ನು ಕಾಯ್ದೆಯಲ್ಲಿ ನಿಗದಿಪಡಿಸಬೇಕು. ಯಾವ ದೇಶಕ್ಕೆ ಎಷ್ಟು ಕೋರಿಕೆ ಪತ್ರಗಳು ಹೋದವು, ಎಷ್ಟಕ್ಕೆ ಉತ್ತರ ಬಂತು, ಎಷ್ಟು ಹಣ ವಾಪಸಾಯಿತು ಎಂಬ ಲೆಕ್ಕವನ್ನು ಸಂಬಂಧಪಟ್ಟ ಸಚಿವಾಲಯಗಳು ಒಟ್ಟಾಗಿ ಪ್ರತಿವರ್ಷ ಉಭಯ ಸದನಗಳ ಮುಂದಿಡಬೇಕು.

ಮನಸ್ಸು ಮಾಡಿದರೆ ಕೆಲಸ ಆಗುತ್ತದೆ. ಮ್ಯಾನ್ಮಾರ್‌ನ ವಂಚನಾ ಕೇಂದ್ರಗಳಲ್ಲಿ ಸಿಲುಕಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಥಾಯ್ಲೆಂಡ್ ಮೂಲಕ ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ವಂಚನೆಯ ಕರೆ ಮಾಡುವವರಲ್ಲೂ ಅನೇಕರು ಉದ್ಯೋಗದ ಆಸೆಗೆ ಬಲಿಬಿದ್ದ ನಮ್ಮ ಹುಡುಗರೇ ಎಂಬುದನ್ನು ಮರೆಯಬಾರದು. ವಿದೇಶದಲ್ಲಿ ಕೆಲಸಕ್ಕೆ ಹೊರಡುವ ಮುನ್ನ ಪಡೆಯಬೇಕಾದ, 1983ರ ವಲಸೆ ಕಾಯ್ದೆಯಡಿಯ ಅನುಮತಿ ಪದ್ಧತಿ ಹತ್ತನೇ ತರಗತಿ ಪಾಸಾದವರಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಪ್ರವಾಸಿ ವೀಸಾದಲ್ಲಿ ಹೊರಟ ಪದವೀಧರನನ್ನು ತಡೆದು ವಿಚಾರಿಸುವ ವ್ಯವಸ್ಥೆ ಅದರಲ್ಲಿಲ್ಲ.

ಚಿಂತಾಮಣಿ, ಶಿಡ್ಲಘಟ್ಟದವರ ಜಿಲ್ಲೆ ಚಿಕ್ಕಬಳ್ಳಾಪುರವಾದರೂ ಲೋಕಸಭಾ ಕ್ಷೇತ್ರ ಕೋಲಾರ. ಆದ್ದರಿಂದ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಲೋಕಸಭಾ ಕ್ಷೇತ್ರಗಳ ಸಂಸದರು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದ) ಪ್ರಶ್ನೆ ಕೇಳಿ, ಕರ್ನಾಟಕದಿಂದ ವಿದೇಶಗಳಿಗೆ ಹೋಗಿರುವ ಕೋರಿಕೆ ಪತ್ರಗಳ ಸ್ಥಿತಿಗತಿಯನ್ನಾದರೂ ಸದನದ ಕಡತಕ್ಕೆ ತರಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಬ್ಯಾಂಕ್ ಅಧಿಕಾರಿ, ಚಿಂತಾಮಣಿ