ಸೈಟಿಗೆ ಖಾತೆ ಇದೆ, ರಸ್ತೆಗೆ ಯಾಕಿಲ್ಲ?

ಬೆಂಗಳೂರು ನಗರಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟಿಗೂ ಖಾತೆ ಇದೆ. ಎ ಖಾತೆಯೋ ಬಿ ಖಾತೆಯೋ ಈಗಿನ ಇ-ಖಾತೆಯೋ, ಅಂತೂ ಅದು ಯಾರ ಹೆಸರಲ್ಲಿದೆ, ಎಷ್ಟು ಚದರಡಿ, ತೆರಿಗೆ ಎಷ್ಟು ಬಾಕಿ ಎಂಬುದೆಲ್ಲ ದಾಖಲೆಯಲ್ಲಿರುತ್ತದೆ. ಆ ಸೈಟಿನ ಮುಂದಿನ ರಸ್ತೆಗೆ ಮಾತ್ರ ಇಂಥ ಲೆಕ್ಕದ ಪುಸ್ತಕವಿಲ್ಲ. ಆ ರಸ್ತೆ ಗಂಟೆಗೆ ಎಷ್ಟು ವಾಹನ ತಾಳುತ್ತದೆ, ಈಗ ಎಷ್ಟು ಓಡುತ್ತಿವೆ, ಮಂಜೂರಾಗಿ ಇನ್ನೂ ಕಟ್ಟಿ ಮುಗಿಯದ ಅಪಾರ್ಟ್‌ಮೆಂಟುಗಳಿಂದ ಇನ್ನೆಷ್ಟು ಬರಲಿವೆ? ಈ ಮೂರು ಅಂಕಿಗಳು ಒಂದೇ ಹಾಳೆಯಲ್ಲಿ ಎಲ್ಲೂ ಸಿಗುವುದಿಲ್ಲ. ನಾವು ಕೇಳುತ್ತಿರುವುದು ಆ ಹಾಳೆಯನ್ನು.

ಇದರ ಲೆಕ್ಕ ಕಷ್ಟದ್ದೇನಲ್ಲ. ಇಂಡಿಯನ್ ರೋಡ್ ಕಾಂಗ್ರೆಸ್ 1990ರಲ್ಲೇ ತನ್ನ ಐಆರ್‌ಸಿ 106 ಮಾರ್ಗಸೂಚಿಯಲ್ಲಿ ನಗರದ ರಸ್ತೆಗಳ ಸಾಮರ್ಥ್ಯವನ್ನು ಕೊಟ್ಟಿದೆ. ಅದರ ಅಳತೆಗೋಲು ಪಿಸಿಯು, ಅಂದರೆ ಒಂದು ವಾಹನ ಎಷ್ಟು ಕಾರಿಗೆ ಸಮ ಎಂಬ ಎಣಿಕೆ: ಕಾರಿಗೆ 1, ಬೈಕು–ಸ್ಕೂಟರು ಒಟ್ಟು ಸಂಚಾರದಲ್ಲಿ ಶೇ 10 ದಾಟಿದ್ದರೆ ತಲಾ 0.75, ಬಸ್ಸಿಗೆ 2.2ರಿಂದ 3.7. ಬಡಾವಣೆಗಳ ಸಂಚಾರವನ್ನು ಮುಖ್ಯರಸ್ತೆಗೆ ತಲುಪಿಸುವ ಎರಡು ಲೇನಿನ ರಸ್ತೆಗೆ ಎರಡೂ ದಿಕ್ಕು ಸೇರಿ ಗಂಟೆಗೆ 900 ಪಿಸಿಯು ಎಂದು ಅದು ಹೇಳುತ್ತದೆ. ಇನ್ನು ಅಂಥ ರಸ್ತೆಯ ಮೇಲೆ ಸಾವಿರ ಮನೆಗಳ ಅಪಾರ್ಟ್‌ಮೆಂಟ್ ಒಂದು ಬಂತೆನ್ನಿ. ಬೆಳಗಿನ ಒಂದು ಗಂಟೆಯಲ್ಲಿ ಅದರ ಗೇಟಿನಿಂದ 250 ಕಾರು, 300 ದ್ವಿಚಕ್ರ ವಾಹನ ಹೊರಟವು ಎಂದಿಟ್ಟುಕೊಂಡರೂ ಅಷ್ಟಕ್ಕೇ 475 ಪಿಸಿಯು ಆಯಿತು. ಅರ್ಧಕ್ಕಿಂತ ಹೆಚ್ಚು ರಸ್ತೆ ಒಂದೇ ಗೇಟಿಗೆ ಖರ್ಚಾಯಿತು.

ತಪ್ಪು ನಡೆಯುವುದು ಇದರ ಮುಂದಿನ ಹೆಜ್ಜೆಯಲ್ಲಿ. 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಕ್ಕೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಆ ಅರ್ಜಿಯ ಜೊತೆಗೆ ಸಂಚಾರ ವರದಿಯೂ ಹೋಗುತ್ತದೆ. ವರದಿ ಮಾಡುವವರು ಇವತ್ತು ರಸ್ತೆಯಲ್ಲಿ ನಿಂತು ಎಣಿಸಿ, ಅದಕ್ಕೆ ತಮ್ಮ ಯೋಜನೆಯ ವಾಹನಗಳನ್ನು ಕೂಡಿಸಿ, ಪರವಾಗಿಲ್ಲ ಎನ್ನುತ್ತಾರೆ. ಅರ್ಧ ಕಿಲೋಮೀಟರ್ ಆಚೆ ಎರಡನೇ ಬಿಲ್ಡರ್ ಅದೇ ವರ್ಷ ಎಣಿಸುವಾಗ ಮೊದಲನೆಯವರ ಕಟ್ಟಡಕ್ಕೆ ಇನ್ನೂ ಜನ ಬಂದಿರುವುದಿಲ್ಲ. ಹಾಗಾಗಿ ಅವರ ಲೆಕ್ಕದಲ್ಲೂ ರಸ್ತೆ ಖಾಲಿ, ಮೂರನೆಯವರ ಲೆಕ್ಕದಲ್ಲೂ ಖಾಲಿ. ಮೂವರೂ ಸುಳ್ಳು ಬರೆದಿಲ್ಲ. ಒಂದೇ ಜಾಗವನ್ನು ಮೂರು ಸಲ ಮಾರಿದಂತಾಯಿತು, ಅಷ್ಟೆ. 20,000 ಚದರ ಮೀಟರಿಗಿಂತ ಚಿಕ್ಕದಾದ ಪಿಜಿಗಳು, ನಾಲ್ಕಂತಸ್ತಿನ ಬಾಡಿಗೆ ಕಟ್ಟಡಗಳು ಈ ಲೆಕ್ಕದ ಹತ್ತಿರವೂ ಸುಳಿಯುವುದಿಲ್ಲ. ಒಂದು ಅಡ್ಡರಸ್ತೆಯಲ್ಲಿ ಅಂಥವು ಇಪ್ಪತ್ತು ಎದ್ದರೆ ಅದೂ ಒಂದು ಟವರೇ.

ಇದರ ಜೊತೆಗೆ ನಕ್ಷೆಯ ಸಮಸ್ಯೆಯಿದೆ. ನಾವು ಇವತ್ತಿಗೂ ನೋಡುವುದು 2007ರಲ್ಲಿ ಅನುಮೋದನೆಯಾದ, 2015ರವರೆಗಿನ ಬೆಂಗಳೂರಿಗೆಂದು ಬರೆದ ಮಾಸ್ಟರ್ ಪ್ಲ್ಯಾನನ್ನು. 2031ರ ಕರಡು ಬಂದಂತೆ ಹಿಂದಕ್ಕೆ ಹೋಯಿತು. ಹಳೆಯ ನಕ್ಷೆಯಲ್ಲಿ ದಪ್ಪ ಗೆರೆಯಾಗಿ ಕಾಣುವ ರಸ್ತೆ ನೆಲದ ಮೇಲೆ ಎಷ್ಟೋ ಕಡೆ ಹಳ್ಳಿಯ ಬಂಡಿದಾರಿಯ ಅಗಲದಲ್ಲೇ ಇದೆ. ಸರ್ಜಾಪುರ ರಸ್ತೆಯ ಒಳದಾರಿಗಳು, ಪಣತ್ತೂರು–ಬಳಗೆರೆ, ವರ್ತೂರು–ಗುಂಜೂರು, ಥಣಿಸಂದ್ರ ಕಡೆ ಒಂದು ಸುತ್ತು ಹಾಕಿದರೆ ಗೆರೆಗೂ ಡಾಂಬರಿಗೂ ಇರುವ ಅಂತರ ತಿಳಿಯುತ್ತದೆ.

ಅಗಲೀಕರಣ ಎಲ್ಲಿ ಕೆಡುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಿ. ಹೊಸ ಅಪಾರ್ಟ್‌ಮೆಂಟು ನಕ್ಷೆ ಮಂಜೂರಾತಿಗಾಗಿ ಮುಂಭಾಗದ ಮೂರು ಮೀಟರ್ ಪಟ್ಟಿಯನ್ನು ಪಾಲಿಕೆಗೆ ಬಿಟ್ಟುಕೊಡುತ್ತದೆ, ಪತ್ರವೂ ನೋಂದಣಿಯಾಗುತ್ತದೆ. ಪಕ್ಕದ ಹಳೆಯ ಅಂಗಡಿಸಾಲು ಅಲ್ಲಾಡುವುದಿಲ್ಲ. ಬಿಟ್ಟ ಪಟ್ಟಿಯಲ್ಲಿ ಟ್ರಾನ್ಸ್‌ಫಾರ್ಮರ್ ನಿಲ್ಲುತ್ತದೆ, ಎಂ-ಸ್ಯಾಂಡ್ ಗುಡ್ಡೆ ಬೀಳುತ್ತದೆ, ಆಮೇಲೆ ಕ್ಯಾಬುಗಳು ನಿಲ್ಲುತ್ತವೆ. ಅಲ್ಲೊಂದು ಇಲ್ಲೊಂದು ಹಲ್ಲು ಬಿದ್ದ ಬಾಯಿಯಂತೆ ರಸ್ತೆ. ಅದರ ಸಾಮರ್ಥ್ಯವನ್ನು ನಿರ್ಧರಿಸುವುದು ಮಾತ್ರ ಅತಿ ಕಿರಿದಾದ ಆ ಅಂಗಡಿಸಾಲು. ಅಂಗಡಿಯವರಿಗೆ ನಗದಿನ ಬದಲು ಟಿಡಿಆರ್, ಅಂದರೆ ಬೇರೆಡೆ ಹೆಚ್ಚು ಕಟ್ಟಲು ಬಳಸುವ ಅಥವಾ ಮಾರುವ ಹಕ್ಕಿನ ಪತ್ರ, ಕೊಡುತ್ತೇವೆ ಎನ್ನುತ್ತೀರಿ. ಆದರೆ ಅದೇ ಸರ್ಕಾರ ಇನ್ನೊಂದು ಕೌಂಟರಿನಲ್ಲಿ ಪ್ರೀಮಿಯಂ ಎಫ್‌ಎಆರ್ (ಸೈಟಿನ ಅಳತೆಗೆ ಇಷ್ಟೇ ಕಟ್ಟಬೇಕೆಂಬ ಮಿತಿಯ ಮೇಲೆ ಹಣ ಕಟ್ಟಿ ಪಡೆಯುವ ಹೆಚ್ಚುವರಿ) ಮಾರುತ್ತಿರುವಾಗ ಆ ಟಿಡಿಆರ್ ಕಾಗದವನ್ನು ಒಳ್ಳೆಯ ಬೆಲೆಗೆ ಕೊಳ್ಳುವವರು ಯಾರು?

ಸಿಗ್ನಲಿನ ಬಳಿ ಇದೇ ಕಥೆ ಅಂಕಿಗಳಲ್ಲೇ ಕಾಣುತ್ತದೆ. ಐಆರ್‌ಸಿ ಸೂತ್ರದಂತೆ 7 ಮೀಟರ್ ಅಗಲದ ದಾರಿ ಗಂಟೆಯಿಡೀ ಹಸಿರು ದೀಪವೇ ಇದ್ದರೆ 3,675 ಪಿಸಿಯು ಬಿಡುತ್ತದೆ. 120 ಸೆಕೆಂಡಿನ ಸಿಗ್ನಲ್ ಸುತ್ತಿನಲ್ಲಿ 40 ಸೆಕೆಂಡು ಹಸಿರು ಸಿಕ್ಕರೆ ಗಂಟೆಗೆ 1,225. ಅದೇ ಜಾಗದಲ್ಲಿ ನಿಂತ ಗಾಡಿಗಳು 2 ಮೀಟರ್ ನುಂಗಿದರೆ ಉಳಿಯುವ 5 ಮೀಟರಿಗೆ ಗಂಟೆಯಿಡೀ ಹಸಿರಿದ್ದರೂ 2,550, ಅದೇ 40 ಸೆಕೆಂಡಿನ ಹಸಿರಿಗೆ ಗಂಟೆಗೆ 850. ಅಂದರೆ ಶೇ 30ರಷ್ಟು ಸಾಮರ್ಥ್ಯ ಒಂದು ಬೇಕರಿಯ ಮುಂದೆ ಕರಗಿತು. ಇದನ್ನು ಸರಿಪಡಿಸಲು ಭೂಸ್ವಾಧೀನ ಬೇಡ. ಹೆಬ್ಬಾಳ–ಸಿಲ್ಕ್ ಬೋರ್ಡ್ ನಡುವಿನ ಸುರಂಗ ರಸ್ತೆ ಯೋಜನೆಯ ವಾದವನ್ನು ಇಲ್ಲಿ ಎತ್ತುವುದಿಲ್ಲ. ಬಳಗೆರೆಯ ಗೇಟಿನಿಂದ ಮುಖ್ಯರಸ್ತೆಗೆ ಬರುವ ಎರಡು ಕಿಲೋಮೀಟರಿಗೆ ಅದರಿಂದ ಏನೂ ಆಗದು ಎಂದಷ್ಟೇ ಹೇಳಬೇಕು.

ಆದ್ದರಿಂದ ಪ್ರತಿ ಸಂಪರ್ಕ ರಸ್ತೆಗೂ ಒಂದು ಖಾತೆ ತೆರೆಯಿರಿ. ಅಗಲವನ್ನು ಸೈಟಿನ ಮುಂದೆ ಮಾತ್ರ ಅಳೆಯದೆ, ಮುಂದಿನ ಮುಖ್ಯರಸ್ತೆಯ ಜಂಕ್ಷನ್‌ವರೆಗೂ ನಡೆದು ಅಳೆದು ಅತಿ ಕಿರಿದಾದ ಜಾಗವನ್ನು ಬರೆಯಿರಿ. ಒಂದು ಅಂಕಣದಲ್ಲಿ ಇಂದಿನ ಪಿಸಿಯು, ಇನ್ನೊಂದರಲ್ಲಿ ಮಂಜೂರಾದ ಪ್ರತಿ ನಕ್ಷೆಯ ಪಿಸಿಯು, ಅದು ಕಟ್ಟಿರಲಿ ಬಿಡಲಿ. ಮಂಜೂರಾತಿಯ ಅವಧಿ ಮುಗಿದರೆ ಹೊಡೆದುಹಾಕಿ. ಮೊತ್ತ ಸಾಮರ್ಥ್ಯದ ಶೇ 70 ದಾಟಿದ ಮೇಲೆ ಹೊಸ ಎಫ್‌ಎಆರ್, ಪ್ರೀಮಿಯಂ ಆಗಲಿ ಟಿಡಿಆರ್ ಆಗಲಿ, ಆ ರಸ್ತೆಯ ಮೇಲೆ ಬೇಡ. ಖಾತೆಗೆ ಜಮೆಯೂ ಇರಲಿ. ಅರವತ್ತು ಜನರ ಬಸ್ಸಿಗೆ ರಸ್ತೆ ಕೊಡುವ ಬೆಲೆ ಹೆಚ್ಚೆಂದರೆ ನಾಲ್ಕು ಕಾರಿನ ಜಾಗ, ಹಾಗಾಗಿ ಬಿಎಂಟಿಸಿ ಹೊಸ ಮಾರ್ಗ ಬಿಟ್ಟರೆ ಅದು ಜಮೆ. ಗೇಟೆಡ್ ಬಡಾವಣೆಯ ಮಧ್ಯೆ ಹಾಯುವ ಮಾಸ್ಟರ್ ಪ್ಲ್ಯಾನ್ ರಸ್ತೆಯ ಕಾಂಪೌಂಡು ಒಡೆದು ಸಾರ್ವಜನಿಕರಿಗೆ ತೆರೆದರೆ ಅದು ಎಲ್ಲಕ್ಕಿಂತ ದೊಡ್ಡ ಜಮೆ.

ತಡೆಗೇಟು ಎಲ್ಲಿರಬೇಕು ಎನ್ನುವುದೂ ಮುಖ್ಯ. ಕಟ್ಟಡ ಮುಗಿದ ಮೇಲೆ ವಾಸಕ್ಕೆ ಕೊಡುವ ಪ್ರಮಾಣಪತ್ರದ, ಅಂದರೆ ಓಸಿಯ ಹಂತದಲ್ಲಿ ಬೇಡ. ಆಗ ಮನೆ ಕೊಂಡವರು ಇಎಂಐ ಕಟ್ಟುತ್ತಿರುತ್ತಾರೆ, ಬಿಲ್ಡರ್ ಹಣ ಎಣಿಸಿಕೊಂಡು ಮುಂದಿನ ಸೈಟಿಗೆ ಹೋಗಿರುತ್ತಾನೆ, ಸರ್ಕಾರವೂ ಕೊನೆಗೆ ಕರಗುತ್ತದೆ. ಷರತ್ತನ್ನು ಕಾಮಗಾರಿ ಆರಂಭದ ಪ್ರಮಾಣಪತ್ರಕ್ಕೆ, ಅಂದರೆ ಸಿಸಿಗೆ ಕಟ್ಟಿ: ಬಿಟ್ಟುಕೊಟ್ಟ ಪಟ್ಟಿಯಲ್ಲಿ ಮೊದಲು ಒಳಚರಂಡಿ, ಮಳೆನೀರು ಚರಂಡಿ, ಕಾವೇರಿ ಕೊಳವೆ, ಕೇಬಲ್ ಡಕ್ಟ್, ಕಂಬಗಳ ಸ್ಥಳಾಂತರ, ಆಮೇಲೆ ಡಾಂಬರು. ಈ ಕ್ರಮ ತಪ್ಪಿದರೆ ಡಾಂಬರು ಹಾಕಿದ ವರ್ಷವೇ ಅಗೆತ.

ಹಣದ ಮಾತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18-ಎ ಕಲಮಿನಡಿ ನಕ್ಷೆ ಮಂಜೂರಾತಿಯ ವೇಳೆ ರಿಂಗ್ ರೋಡ್ ಹೆಸರಿನಲ್ಲೂ ಸರ್ಕಾರ ವಸೂಲಿ ಮಾಡುತ್ತದೆ. ಯಾವ ರಸ್ತೆಯ ಮಂಜೂರಾತಿಗಳಿಂದ ಎಷ್ಟು ಬಂತು, ಆ ಭಾಗದಲ್ಲಿ ಎಷ್ಟು ಖರ್ಚಾಯಿತು ಎಂಬುದನ್ನು ಅದೇ ಖಾತೆಯ ಕೆಳಗೆ ಬರೆಸಿ.

ಐದು ಪಾಲಿಕೆಗಳಾದ ಮೇಲೆ ಒಂದು ರಸ್ತೆ ಎರಡು ಪಾಲಿಕೆಗಳ ಗಡಿ ದಾಟುವುದು ಸಾಮಾನ್ಯ. ಆದ್ದರಿಂದ ಈ ಪುಸ್ತಕವನ್ನು ಗ್ರೇಟರ್ ಬೆಂಗಳೂರು ಪ್ರಾಧಿಕಾರವೇ ಇಟ್ಟುಕೊಳ್ಳಲಿ, ನಕ್ಷೆ ಮಂಜೂರು ಮಾಡುವ ಪಾಲಿಕೆ ಅದನ್ನು ನೋಡದೆ ಸಹಿ ಹಾಕದಿರಲಿ. ಇಡೀ ನಗರಕ್ಕೆ ಒಮ್ಮೆಲೇ ಬೇಡ. ಮೊದಲು ಪಣತ್ತೂರು–ಬಳಗೆರೆ ರಸ್ತೆಯ ಖಾತೆಯನ್ನು ಪ್ರಕಟಿಸಿ. ವಾಹನ ಎಣಿಸಲು ಎರಡು ಕೆಲಸದ ದಿನ, ಮಂಜೂರಾದ ನಕ್ಷೆಗಳ ಕಡತ ಹುಡುಕಲು ಅದಕ್ಕಿಂತ ತುಸು ಹೆಚ್ಚು ದಿನ ಬೇಕಾದೀತು.

ಇಂತಿ,
ಬೆಂಗಳೂರಿನ ಕೆಲವು ರಸ್ತೆ ಮತ್ತು ನಗರ ಯೋಜನಾ ಎಂಜಿನಿಯರುಗಳು