ಫೌಂಡ್ರಿಯಲ್ಲಿ ಬ್ಲೋಹೋಲ್ ತೋರಿಸಿಕೊಟ್ಟ ಹಿರಿಯರಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ಹಾಗಾಗಿ ಇಲ್ಲೇ ಥ್ಯಾಂಕ್ಸ್ ಹೇಳುತ್ತಿದ್ದೇನೆ ಸರ್.

ಬ್ಲೋಹೋಲ್ ಅಂದರೆ ನನಗೆ ನೆನಪಾಗುತ್ತಿದ್ದುದು ತಿಮಿಂಗಿಲ. ತಲೆ ಮೇಲಿರುವ ಮೂಗಿನ ಹೊಳ್ಳೆ ಅದು. ನೀಲಿ ತಿಮಿಂಗಿಲಕ್ಕೆ ಎರಡು, ಡಾಲ್ಫಿನ್‌ಗೆ ಒಂದೇ. ಕಡಲ ದಂಡೆಯ ಬಂಡೆಗಳಲ್ಲೂ ಬ್ಲೋಹೋಲ್ ಇರುತ್ತದೆ. ಕೆಳಗಿನ ಗುಹೆಗೆ ಅಲೆ ನುಗ್ಗಿದರೆ ಮೇಲಿನ ತೂತಿನಿಂದ ನೀರು ಭುಸ್ಸೆಂದು ಚಿಮ್ಮುತ್ತದೆ. ಆಸ್ಟ್ರೇಲಿಯಾದ ಕಿಯಾಮಾ ಇದಕ್ಕೇ ಹೆಸರುವಾಸಿ.

ಫೌಂಡ್ರಿಯಲ್ಲಿ, ಅಂದರೆ ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವ ಕಡೆ, ನೀವು ಕೈಗಿಟ್ಟ ಎರಕದ ತುಂಡಿನ ಬ್ಲೋಹೋಲ್ ಕಥೆಯೇ ಬೇರೆ. ಹೊರಗೆ ಏನೂ ಕಾಣುತ್ತಿರಲಿಲ್ಲ. ಲೇತ್‌ನಲ್ಲಿ ಒಂದು ಪದರ ಕೆತ್ತಿದ ಮೇಲೆ ದುಂಡನೆಯ ಗುಳಿಗಳು ಬಾಯಿ ಬಿಟ್ಟವು. "ಒಳಗೆ ನುಣುಪಾಗಿದೆ ಅಲ್ವಾ? ಇದು ಗಾಳಿ ಸಿಕ್ಕಿಕೊಂಡಿದ್ದು. ತರಿತರಿ ಇದ್ದಿದ್ದರೆ ಲೋಹ ಕುಗ್ಗಿದ್ದು" ಎಂದಿರಿ. ಗುಳಿಯೊಳಗೆ ಟಾರ್ಚ್ ಬಿಟ್ಟು ತೋರಿಸಿದಿರಿ. ಪುಸ್ತಕದ ಚಿತ್ರದಲ್ಲಿ ಇದು ಸುಮ್ನೆ ಕಪ್ಪು ಚುಕ್ಕೆ, ಅಷ್ಟೇ.

ಕಾರಣವನ್ನೂ ಬಿಡಿಸಿ ಹೇಳಿದಿರಿ. ಅಚ್ಚಿನ ಮರಳಲ್ಲಿ ತೇವ ಜಾಸ್ತಿಯಾದರೆ ಕಾದ ಲೋಹ ತಗುಲಿ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಮರಳನ್ನು ತೀರಾ ಗಟ್ಟಿಯಾಗಿ ಬಡಿದಿದ್ದರೆ ಆ ಆವಿಗೆ ಹೊರಹೋಗಲು ದಾರಿಯೇ ಇಲ್ಲ, ಲೋಹದೊಳಗೇ ನುಗ್ಗುತ್ತದೆ. ಅದಕ್ಕೇ ತಂತಿಯಿಂದ ಅಚ್ಚಿಗೆ ಸಣ್ಣ ಸಣ್ಣ ತೂತು ಚುಚ್ಚುವುದು. ಗಟ್ಟಿಯಾಗಿ ಬಡಿದಷ್ಟೂ ಒಳ್ಳೆಯದು ಅನ್ನುವವರೇ ಜಾಸ್ತಿ, ಅವರಿಗೂ ನೀವು ಸಿಗಬೇಕು.

ನಿಮ್ಮ ಊಟದ ಹೊತ್ತನ್ನೆಲ್ಲ ನನಗೆ ಕೊಟ್ಟಿರಿ. ತುಂಬಾ ಉಪಕಾರವಾಯಿತು ಸರ್.